ಕೋಟಿಂಗ್ ಮುನಿರಾಮಯ್ಯನ ಬೆಲ್ಲ

ಚೆನ್ನಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳದ ಕಸುಬುಗಳು ಕೆಲವಿವೆ. ಚರಂಡಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಅಂಥದ್ದೊಂದು. ಕ್ಯಾನ್ವಾಸ್ ಚಿತ್ರಕ್ಕೆ ಕ್ಲಿಯರ್ ಕೋಟ್ ಹೊಡೆಯುವುದು ಇನ್ನೊಂದು.

ಈಗ ನಮ್ಮ ಚಂದ್ರಾ ಲೇಔಟಿನಲ್ಲಿ ಕ್ಯಾನ್ವಾಸ್ ಚಿತ್ರವಿಲ್ಲದ ಮನೆ ಇಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ದಪ್ಪ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಚೌಕಟ್ಟಿಗೆ ಬಿಗಿದು, ಸೋಫಾದ ಮೇಲುಗಡೆ ನೇತುಹಾಕಿದರೆ ಮನೆಯವರು ಮನೆಗೆ ಬಂದ ನೆಂಟರನ್ನು ಎರಡೆರಡು ಕಡೆಯಿಂದ ನೋಡಬಹುದು. ನಮ್ಮ ಮನೆಯಲ್ಲೂ ಒಂದಿದೆ. ಅದರಲ್ಲಿ ನಾನು ಇರುವುದಕ್ಕಿಂತ ಗಂಭೀರವಾಗಿದ್ದೇನೆ. ಅಚ್ಚಾದ ಹೊಸತರಲ್ಲಿ ಈ ಚಿತ್ರಗಳ ಇಂಕು ಬರಿ ಮೈಯಲ್ಲಿರುತ್ತದೆ. ಒದ್ದೆ ಬೆರಳು ತಾಗಿದರೂ ಸಾಕು, ಗಂಡನ ಕೋಟು ಹೆಂಡತಿಯ ಸೀರೆಗೆ ಹರಿಯುತ್ತದೆ. ಹಾಗಾಗದಂತೆ ಸ್ಪ್ರೇ ಗನ್ನಿನಿಂದ ಬಣ್ಣವಿಲ್ಲದ ವಾರ್ನಿಷನ್ನು ಮಂಜಿನ ಹಾಗೆ ಹೊಡೆಯುತ್ತಾರೆ. ಸರಿಯಾಗಿ ಹೊಡೆದರೆ ಏನೂ ಹೊಡೆದೇ ಇಲ್ಲ ಅನ್ನಿಸಬೇಕು. ತಪ್ಪಿದರೆ ಮಾತ್ರ ಊರಿಗೆಲ್ಲ ಕಾಣುತ್ತದೆ.

ಮುನಿರಾಮಯ್ಯನನ್ನು ಈ ಕೆಲಸಕ್ಕಾಗಿ ಯಾರೂ ಹೊಗಳಿದ್ದಿಲ್ಲ. "ಬೈಸ್ಕೊಂಡಿಲ್ಲ ಅಂದ್ರೆ ಹೊಗಳಿಸ್ಕೊಂಡಂಗೇ ಅಲ್ವಾ ಸಾರ್" ಎಂದು ಅವನೇ ತೀರ್ಮಾನಿಸಿಕೊಂಡಿದ್ದ.

ಅವನು ಕೆಲಸ ಮಾಡುತ್ತಿದ್ದದ್ದು ಗಿರಿರಾಜನ ಅಂಗಡಿಯ ಟೆರೇಸಿನ ಮೇಲಿನ ತಗಡಿನ ಶೆಡ್ಡಿನಲ್ಲಿ. ಕೆಳಗಿನ ಅಂಗಡಿ ಮೊದಲು 'ಗಿರಿ ಝೆರಾಕ್ಸ್ ಅಂಡ್ ಲ್ಯಾಮಿನೇಷನ್' ಆಗಿತ್ತು. ಬೋರ್ಡು 'ಗಿರಿ ಫೈನ್ ಆರ್ಟ್ ಗ್ಯಾಲರಿ' ಆದ ಮೇಲೆ ಗಿರಿರಾಜ ಹಿಂದೆ ಜುಟ್ಟು ಬಿಟ್ಟ, ಖಾದಿ ಜುಬ್ಬಾ ತೊಟ್ಟ, ಆಧಾರ್ ಕಾರ್ಡಿನ ನಕಲು ಕೇಳಿ ಬಂದವರಿಗೆ ಪಕ್ಕದ ಅಂಗಡಿ ತೋರಿಸತೊಡಗಿದ. ಅವನ ಚಿತ್ರಗಳಿಗೆಲ್ಲ ನೂರು ವರ್ಷದ ಗ್ಯಾರಂಟಿ. ನೂರು ವರ್ಷದ ಮೇಲೆ ರಿಪೇರಿಗೆ ಬರುವ ಗಿರಾಕಿ ಯಾರು, ಬಂದರೆ ಅಂಗಡಿಯಲ್ಲಿ ಸಿಗುವ ಮಾಲೀಕನಾದರೂ ಯಾರು? ಮಶೀನಿಗೆ ಅವನು ತುಂಬುತ್ತಿದ್ದದ್ದು ಬಾಟಲಿಯಲ್ಲಿ ಸಿಗುವ ಅಗ್ಗದ ಇಂಕು. ನೂರು ವರ್ಷವೂ ನಿಂತಿದ್ದದ್ದು ಮಹಡಿಯ ಮೇಲಿನ ಮುನಿರಾಮಯ್ಯನ ಕೈ ಮೇಲೆ.

ಆ ಕೈ ಪಳಗಿದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಬೀರು ಕಾರ್ಖಾನೆಯಲ್ಲಿ. ಮದುವೆಗೆ ಕೊಡುವ ಸ್ಟೀಲ್ ಬೀರುಗಳಿಗೆ ಬೂದು ಬಣ್ಣ, ಹಸಿರು ಬಣ್ಣ ಹೊಡೆಯುವುದು. ಮಾಸ್ಕು ಗೀಸ್ಕು ಇಲ್ಲದ ಕಾಲ. ಸಾಯಂಕಾಲ ಸೈರನ್ ಕೂಗಿದಾಗ ಗೇಟಿನ ಹತ್ತಿರ ಪ್ರತಿಯೊಬ್ಬ ಸ್ಪ್ರೇಯರನಿಗೂ ಒಂದು ಅಚ್ಚು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಎದೆಗೆ ಹೋದ ಬಣ್ಣದ ಧೂಳು ಅದಕ್ಕೆ ಅಂಟಿಕೊಂಡು ಕೆಳಗಿಳಿಯುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಮಾಸ್ಕಿಗಿಂತ ಬೆಲ್ಲ ಅಗ್ಗವಾದ್ದರಿಂದ ಮ್ಯಾನೇಜ್‌ಮೆಂಟಿಗೂ ಆ ನಂಬಿಕೆಯಲ್ಲಿ ಬಲವಾದ ವಿಶ್ವಾಸವಿತ್ತು. ಒಮ್ಮೆ ಯೂನಿಯನ್ನಿನವರು ಬೆಲ್ಲದ ಅಚ್ಚು ಸಣ್ಣದಾಯಿತೆಂದು ಗೇಟಿನ ಮುಂದೆ ಧರಣಿ ಕೂತು, ದೊಡ್ಡ ಅಚ್ಚು ಗೆದ್ದು, ಮಾಲೆ ಹಾಕಿಕೊಂಡು ಮೆರವಣಿಗೆ ಹೋದರು. ಮುನಿರಾಮಯ್ಯ ಆ ಮೆರವಣಿಗೆಯಲ್ಲಿ ಬಾವುಟ ಹಿಡಿದಿದ್ದ.

ಕಾರ್ಖಾನೆ ಮುಚ್ಚಿ ಅಲ್ಲಿ ಅಪಾರ್ಟ್‌ಮೆಂಟು ಬಂತು. ಜೊತೆಯವರು ಒಬ್ಬೊಬ್ಬರಾಗಿ ಕೆಮ್ಮಿ ಕೆಮ್ಮಿ ಹೋದರು. ಮುನಿರಾಮಯ್ಯನಿಗೆ ಕೆಮ್ಮು ಬರಲಿಲ್ಲ. "ಅವ್ರು ನೆಟ್ಟಗೆ ಬೆಲ್ಲ ತಿಂತಿರ್ಲಿಲ್ಲ ಸಾರ್. ಮಕ್ಳಿಗೆ ಅಂತ ಜೇಬಲ್ಲಿ ಮನೆಗೆ ತಗೊಂಡೋಗೋರು" ಎಂದು ಸತ್ತವರ ಬಗ್ಗೆ ಅವನು ವಿಷಾದದಿಂದ ಹೇಳುತ್ತಿದ್ದ. ತಾನು ಮಾತ್ರ ಆ ವ್ರತ ಬಿಡಲಿಲ್ಲ. ಗಿರಿರಾಜನಲ್ಲಿ ಸೇರಿದ ಮೇಲೂ ಕೆಲಸ ಮುಗಿಸಿ ಗನ್ ತೊಳೆದು, ಶೆಡ್ಡಿನ ಮೂಲೆಯ ಡಬ್ಬಿಯಿಂದ ಒಂದು ಅಚ್ಚು ತೆಗೆದು, ನಿಂತುಕೊಂಡೇ ಔಷಧಿಯಂತೆ ತಿನ್ನುತ್ತಿದ್ದ.

ಗಿರಿರಾಜ ಒಂದು ಒಳ್ಳೆಯ ಮಾಸ್ಕು ತಂದುಕೊಟ್ಟಿದ್ದ, ಸುಳ್ಳು ಹೇಳಬಾರದು. ಎರಡು ಕೆನ್ನೆಗೂ ಡಬ್ಬಿ ಕಟ್ಟಿದಂತಿದ್ದ ಅದನ್ನು ಮುನಿರಾಮಯ್ಯನ ಮುಖಕ್ಕೆ ಹಾಕಿಸಿ, ಫೋಟೋ ತೆಗೆದು, ಗ್ಯಾಲರಿಯ ಇನ್‌ಸ್ಟಾಗ್ರಾಮಿಗೆ ಏರಿಸಿದ. ಮಾಸ್ಕು ಆಮೇಲೆ ಗೋಡೆಯ ಮೊಳೆ ಸೇರಿತು. ಪ್ರತಿ ವರ್ಷ ಆಯುಧ ಪೂಜೆಗೆ ಕಂಪ್ರೆಸ್ಸರಿನ ಜೊತೆ ಅದಕ್ಕೂ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ನಿಂಬೆಹಣ್ಣು ಕುಯ್ಯುತ್ತಿದ್ದರು. ಅದರ ಡಬ್ಬಿಗಳನ್ನು ಆಗಾಗ ಬದಲಾಯಿಸಬೇಕೆಂದು ಪೆಟ್ಟಿಗೆಯ ಮೇಲೆ ಬರೆದಿತ್ತಂತೆ. ಪೆಟ್ಟಿಗೆ ರದ್ದಿಗೆ ಹೋಗಿತ್ತು.

"ಹಾಕ್ಕೋ ಮುನಿರಾಮಯ್ಯ, ನಾಳೆ ಏನಾದ್ರೂ ಆದ್ರೆ ನನ್ ತಲೇಗೆ ಬರ್ತದೆ" ಎಂದು ಗಿರಿರಾಜ ಒಮ್ಮೊಮ್ಮೆ ಅನ್ನುವುದಿತ್ತು.

"ಮೂಗು ಮುಚ್ಕೊಂಡು ಸಾರಿಗೆ ಒಗ್ಗರಣೆ ಹಾಕಕ್ಕಾಯ್ತದಾ ಅಣ್ಣ? ವಾಸನೇಲೇ ಹದ ಗೊತ್ತಾಗೋದು. ನಂಗೆ ಬೆಲ್ಲ ಐತೆ ಬಿಡಿ."

ಕೆಲಸದಲ್ಲಿ ಅವನಿಗೊಂದು ನೇಮವಿತ್ತು. ಟ್ರಿಗರ್ ಒತ್ತುವುದು ಚಿತ್ರದ ಅಂಚಿನಾಚೆ, ಬಿಡುವುದೂ ಅಂಚಿನಾಚೆ. ಚಿತ್ರದ ಮೇಲೆ ಶುರುವೂ ಮಾಡಬಾರದು, ನಿಲ್ಲಿಸಲೂ ಬಾರದು. ಒಂದು ಪಟ್ಟೆಯ ಅರ್ಧದ ಮೇಲೆ ಇನ್ನೊಂದು ಪಟ್ಟೆ. ಮುಗಿದ ಕೂಡಲೇ ಸೊಂಟ ಬಗ್ಗಿಸಿ, ಚಿತ್ರವನ್ನು ಓರೆಯಾಗಿ ಟ್ಯೂಬ್‌ಲೈಟಿನ ಬೆಳಕಿಗೆ ನೋಡಬೇಕು. ಹಸಿ ಬಿದ್ದ ಕಡೆ ಮಿನುಗುತ್ತದೆ, ತಪ್ಪಿದ ಕಡೆ ಮಂಕಾಗಿರುತ್ತದೆ. ಹೀಗೆ ಗೊತ್ತಾಗುವುದು ಸ್ವಲ್ಪ ಹೊತ್ತು ಮಾತ್ರ. ಒಣಗಿದರೆ ಎರಡೂ ಒಂದೇ. ಆಮೇಲೆ ಬ್ರಹ್ಮನಿಗೂ ತಿಳಿಯದು, ನೀರಿಗೆ ಮಾತ್ರ ತಿಳಿಯುತ್ತದೆ.

ಅವನಿಗೆ ಮೊದಲು ಕೈಕೊಟ್ಟದ್ದು ಟ್ಯೂಬ್‌ಲೈಟು. ಅದಕ್ಕೆ ಧೂಳು ಹಿಡಿದಿದೆಯೆಂದು ಒರೆಸಿದ. ಹೊಸದು ಹಾಕಿಸಿದ. ಕನ್ನಡಕ ಬದಲಾಯಿಸಿದ. ಆಮೇಲೆ ಎಲ್ಲಿ ನೋಡಿದರೂ ಕೂದಲೆಳೆಯಂಥ ಕಪ್ಪು ಗೆರೆಗಳು ತೇಲತೊಡಗಿದವು. ವಾರ್ನಿಷಿನಲ್ಲಿ ಕಸ ಬಿದ್ದಿದೆ ಎಂದು ಡಬ್ಬಗಟ್ಟಲೆ ಸೋಸಿದ. ಒಂದು ದಿನ ದೀಪಾಂಜಲಿ ನಗರದ ಮನೆಯಲ್ಲಿ ಹೆಂಡತಿ ಯಶೋದಮ್ಮ ಊಟಕ್ಕೆ ಬಡಿಸಿದಾಗ ಲೋಟದ ಪಕ್ಕದ ನೆಲಕ್ಕೆ ನೀರು ಬಗ್ಗಿಸಿದ.

ಯಶೋದಮ್ಮ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಸೆಕ್ಷನ್ನಿನಲ್ಲಿದ್ದವಳು. ಹೊಲಿಗೆ ತಪ್ಪಿದ ಅಂಗಿಗೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸವಾಗಿತ್ತು. ಮಂಡಿ ನೋವಿನಿಂದ ಕೆಲಸ ಬಿಟ್ಟರೂ ಬಾಣ ಅಂಟಿಸುವ ಕಣ್ಣು ಹಾಗೇ ಇತ್ತು. ಅವಳು ನೆಲ ಒರೆಸಿ, ಮರುದಿನ ಗಂಡನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಣ್ಣಿನ ಡಾಕ್ಟರು ಕಣ್ಣಿಗಿಂತ ಮೊದಲು ರಕ್ತ ನೋಡಿದರು.

"ಶುಗರ್ ಎಷ್ಟು ವರ್ಷದಿಂದ ಇದೆ?"

"ನಂಗಾ? ನಂಗೆಲ್ಲೈತೆ ಸಾರ್ ಶುಗರ್ರು? ಒಂದಿನ ಕೆಮ್ಮಿಲ್ಲ ನಾನು."

"ಸಿಹಿ ಜಾಸ್ತಿ ತಿಂತೀರಾ?"

"ಇಲ್ಲ ಸಾರ್. ಲಾಡು ಗೀಡು ಮುಟ್ಟಲ್ಲ. ಬೆಲ್ಲ ಅಷ್ಟೇ. ಅದು ಔಷಧಿಗೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕಣ್ಣಿನ ಹಿಂದಿನ ರಕ್ತನಾಳಗಳು ಒಡೆದು ರಕ್ತ ಸೋರುತ್ತಿದೆ, ಲೇಸರ್ ಮಾಡಿದರೆ ಇರುವಷ್ಟು ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದರು. ಶ್ವಾಸಕೋಶವೂ ಪರೀಕ್ಷೆಯಾಯಿತು. ಅದು ಆ ವಯಸ್ಸಿನ ಸ್ಪ್ರೇಯರನಿಗೆ ಪರವಾಗಿಲ್ಲ ಎನ್ನುವಂತಿತ್ತು.

ಆಟೋದಲ್ಲಿ ಬರುವಾಗ ಮುನಿರಾಮಯ್ಯ ಹೇಳಿದ: "ನೋಡ್ದಾ, ಎದೆ ಕ್ಲೀನಾಗೈತಂತೆ. ಬೆಲ್ಲ ಕೆಲ್ಸ ಮಾಡೈತೆ."

ಯಶೋದಮ್ಮ ಆಚೆ ಮುಖ ಮಾಡಿಕೊಂಡು ಕೂತಿದ್ದಳು. ಅವಳ ಹೆಗಲು ಅಲುಗುತ್ತಿದ್ದದ್ದು ಅವನಿಗೆ ಕಾಣಲಿಲ್ಲ.

ಲೇಸರ್ ಆಯಿತು. ಬೆಲ್ಲ ನಿಂತಿತು. ಡಾಕ್ಟರು ಹೇಳಿದಷ್ಟೂ ಕಣ್ಣು ಉಳಿಯಲಿಲ್ಲ. ಗಿರಿರಾಜನಿಗೆ ಗೊತ್ತಾದರೆ ನಾಳೆಯಿಂದ ಬರಬೇಡ ಅನ್ನುತ್ತಾನೆ ಎಂಬುದೊಂದೇ ಮುನಿರಾಮಯ್ಯನ ಭಯ. ಮನೆ ನಡೆಸುವ ಚಿಂತೆ ಇದ್ದೇ ಇತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಅವನನ್ನು ಇಡೀ ಬೀದಿ ಕೋಟಿಂಗ್ ಮುನಿರಾಮಯ್ಯ ಎಂದೇ ಕರೆಯುತ್ತಿತ್ತು. ಡಿಗ್ರಿ ಪಡೆದವರು ಹೆಸರಿನ ಹಿಂದೆ ಬಾಲ ಕಟ್ಟಿಕೊಳ್ಳುತ್ತಾರೆ, ಅವನು ಮುಂದೆ ಕೊಂಬು ಕಟ್ಟಿಕೊಂಡಿದ್ದ. ಗನ್ ಕೆಳಗಿಟ್ಟರೆ ಆ ಕೊಂಬು ಮುರಿದು ಬರೀ ಮುನಿರಾಮಯ್ಯ ಉಳಿಯುತ್ತಿದ್ದ.

ಆದ್ದರಿಂದ ಯಶೋದಮ್ಮ ಊಟದ ಕ್ಯಾರಿಯರ್ ಹಿಡಿದು ದಿನವೂ ಶೆಡ್ಡಿಗೆ ಬರತೊಡಗಿದಳು. ದಿನದ ಚಿತ್ರಗಳನ್ನೆಲ್ಲ ಅವನು ಆ ಹೊತ್ತಿಗೇ ಇಟ್ಟುಕೊಳ್ಳುತ್ತಿದ್ದ. ಅವನು ಹೊಡೆಯುವುದು, ಅವಳು ನೋಯುವ ಮಂಡಿ ಬಗ್ಗಿಸಿ ಓರೆಯಾಗಿ ನೋಡುವುದು.

"ಎಡಗಡೆ ಕೆಳಗೆ."

"ಎಷ್ಟು?"

"ಒಂದು ಗೇಣು. ಆ ಮದುಮಗಳ ಕಾಲ್ಗೆಜ್ಜೆ ತಾವ. ಅಯ್ಯೋ ಅಲ್ಲಲ್ಲ, ಅದು ಗಂಡಿನ ಕಾಲು. ಇನ್ನೂ ಈ ಕಡೆ."

ಗಿರಿರಾಜ ಇದನ್ನು ಪಾತಿವ್ರತ್ಯ ಎಂದು ತಿಳಿದ. "ನೋಡ್ರಿ, ಈ ವಯಸ್ಸಲ್ಲೂ ಬಿಸಿ ಊಟ ತರ್ತಾರೆ. ನಮ್ಮನೇಲಿ ಆ್ಯಪ್ ತರ್ತದೆ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಹೀಗೆ ಒಂದು ಮಳೆಗಾಲ ಕಳೆಯಿತು. ಒಂದು ಚಿತ್ರವೂ ವಾಪಸು ಬರಲಿಲ್ಲ.

ಆಮೇಲೆ ಬಂದವರು ಶಂಭುಲಿಂಗಪ್ಪನವರು. ಬಸವೇಶ್ವರನಗರದ ಇವರು ನಿವೃತ್ತ ಸೂಪರಿಂಟೆಂಡಿಂಗ್ ಇಂಜಿನಿಯರು. ಎಪ್ಪತ್ತೈದು ತುಂಬುವ ಸಂದರ್ಭದಲ್ಲಿ ತಮ್ಮನ್ನು ಅಭಿನಂದಿಸಲು ಒಂದು ಅಭಿನಂದನಾ ಸಮಿತಿ ರಚಿಸಿ, ಅದಕ್ಕೆ ತಾವೇ ಗೌರವಾಧ್ಯಕ್ಷರಾಗಿದ್ದರು. ಸಭೆಯಲ್ಲಿ ಅನಾವರಣ ಮಾಡಲು ಅವರದೇ ಭಾವಚಿತ್ರ ಬೇಕಿತ್ತು. ಮೈಸೂರು ಪೇಟ, ಶಾಲು, ಕಪ್ಪು ಮೀಸೆ. ಮೀಸೆಗೆ ಅವರು ಮನೆಯಲ್ಲಿ ಹಚ್ಚಿದ ಬಣ್ಣ ಸಾಲದೆಂದು ಗಿರಿರಾಜ ಕಂಪ್ಯೂಟರಿನಲ್ಲಿ ಇನ್ನಷ್ಟು ಕಪ್ಪು ತುಂಬಿದ್ದ. ಚಿತ್ರ ಅವರಿಗಿಂತ ಎತ್ತರವಾಗಿ ಬಂತು. ಅವರಿಗೆ ಅದೂ ಸ್ವಲ್ಪ ಕಡಿಮೆ ಅನ್ನಿಸಿತು.

"ಕೋಟಿಂಗ್ ನನ್ನ ಕಣ್ಣೆದುರಿಗೇ ಆಗ್ಬೇಕು. ಸೂಪರ್‌ವಿಷನ್ ಇಲ್ದೆ ಈ ದೇಶದಲ್ಲಿ ಒಂದು ಮೋರಿನೂ ನೆಟ್ಟಗೆ ಆಗಿಲ್ಲ. ನಲವತ್ತು ವರ್ಷ ನೋಡಿದೀನಿ" ಎಂದು ಹೇಳಿ, ಆ ಮೋರಿಗಳೆಲ್ಲ ಯಾರ ಸೂಪರ್‌ವಿಷನ್ನಿನಲ್ಲಿ ಆದವೆಂಬುದನ್ನು ಹೇಳದೆ, ಕೈಕೋಲು ಊರಿಕೊಂಡು ಮಹಡಿ ಹತ್ತಿದರು. ಯಶೋದಮ್ಮ ಟ್ಯೂಬ್‌ಲೈಟಿನ ಪಕ್ಕದಲ್ಲಿ ತನ್ನ ಜಾಗದಲ್ಲಿ ನಿಂತಿದ್ದಳು.

"ಈಯಮ್ಮ ಯಾರು?"

"ನಮ್ಮನೆಯೋರು ಸಾರ್. ಊಟ ತಂದವಳೆ."

"ಊಟ ಇಟ್ಟಾಯ್ತಲ್ಲ, ಕೆಳಗೆ ಹೋಗಮ್ಮ. ವರ್ಕ್ ಸ್ಪಾಟಲ್ಲಿ ಸಂಬಂಧ ಇಲ್ದೋರು ಇರಬಾರದು. ಸೇಫ್ಟಿ."

"ಅವಳಿರ್ಲಿ ಸಾರ್..." ಎಂದ ಮುನಿರಾಮಯ್ಯ.

"ಯಾಕೆ? ನೀನೇನು ಕೈ ಹಿಡ್ಕೊಂಡು ಹೊಡೀತೀಯಾ?"

ಇದಕ್ಕೆ ಕೊಡಬಹುದಾಗಿದ್ದ ನಿಜವಾದ ಉತ್ತರ ಒಂದೇ ಇತ್ತು. ಮುನಿರಾಮಯ್ಯ ಅದನ್ನು ನುಂಗಿದ. ಯಶೋದಮ್ಮ ಗಂಡನ ಮುಖವನ್ನೊಮ್ಮೆ ನೋಡಿ ಮೆಟ್ಟಿಲಿಳಿದಳು. ಶಂಭುಲಿಂಗಪ್ಪನವರು ಸೇಫ್ಟಿಯ ಮಾತು ಎತ್ತಿದ ಮೇಲೆ ಪಾಲಿಸಬೇಕಲ್ಲ ಎಂದು ಗೋಡೆಯ ಮಾಸ್ಕನ್ನು ತೆಗೆದು ತಾವೇ ಹಾಕಿಕೊಂಡರು.

"ಇದರ ಮೇಲೆ ಕುಂಕುಮ ಯಾಕಯ್ಯಾ?"

"ಆಯುಧ ಪೂಜೇದು ಸಾರ್."

ಕಂಪ್ರೆಸ್ಸರು ಗುಡುಗುಟ್ಟಿತು. ಮುನಿರಾಮಯ್ಯ ಅಂಚಿನಾಚೆ ಟ್ರಿಗರ್ ಒತ್ತಿದ, ಅಂಚಿನಾಚೆ ಬಿಟ್ಟ. ಪಟ್ಟೆಯ ಮೇಲೆ ಪಟ್ಟೆ, ಕೈಯ ನೆನಪಿನಲ್ಲೇ ಇಳಿಯುತ್ತ ಬಂದ. ನಡುವೆ ಶಂಭುಲಿಂಗಪ್ಪನವರು ಮಾಸ್ಕಿನೊಳಗಿಂದ ಏನೋ ಅಂದರು. ಅವನು ಅಂಚಿನಾಚೆ ಬಂದು ನಿಲ್ಲಿಸಿ "ಆಂ?" ಎಂದ. "ಪೇಟಕ್ಕೆ ಜಾಸ್ತಿ ಹೊಡಿ ಅಂದೆ." ಮತ್ತೆ ಶುರು ಮಾಡಿದ. ಎಲ್ಲಿ ನಿಲ್ಲಿಸಿದ್ದೆನೆಂಬುದನ್ನು ಕೈ ಅಂದಾಜಿನಿಂದ ಹುಡುಕಿಕೊಂಡಿತು. ಮುಗಿದ ಮೇಲೆ ಅಭ್ಯಾಸದಂತೆ ಸೊಂಟ ಬಗ್ಗಿಸಿ ಓರೆಯಾಗಿ ನೋಡಿದ. ಬೆಳಕು ಒಂದು ಬಿಳಿಯ ಕಲೆಯಾಗಿತ್ತು. ಅದರೊಳಗೆ ಕಪ್ಪು ಎಳೆಗಳು ನಿಧಾನವಾಗಿ ಈಜುತ್ತಿದ್ದವು.

"ಸಾರ್, ಇಲ್ಲಿ ಬಂದು ಬಗ್ಗಿ ಒಸಿ ನೋಡ್ತೀರಾ? ಎಲ್ಲಾದ್ರೂ ಮಂಕು ಕಾಣ್ತದಾ?" ಎಂದು ಕೇಳಿದ. ದನಿಯಲ್ಲಿ ಬೇಡಿಕೆಯಿತ್ತು.

ಶಂಭುಲಿಂಗಪ್ಪನವರು ಬಗ್ಗಲಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ, ಮಾಸ್ಕು ತೆಗೆದು, ತಮ್ಮನ್ನು ತಾವು ಕಣ್ತುಂಬ ನೋಡಿಕೊಂಡರು.

"ಮಂಕೇ? ಏನು ಕಳೆ ಇದೆಯಯ್ಯಾ ಮುಖದಲ್ಲಿ! ಪರ್ಫೆಕ್ಟ್."

ಅವರು ಹೋದ ಮೇಲೆ ಯಶೋದಮ್ಮ ಓಡಿಬಂದಳು. ಅಷ್ಟರಲ್ಲಿ ಒಣಗಿತ್ತು. ಅವಳ ಕಣ್ಣಿಗೂ ಏನೂ ತಿಳಿಯಲಿಲ್ಲ.

"ಇನ್ನೊಂದು ಕೈ ಹೊಡ್ದುಬಿಡಿ. ಯಾಕೋ ಮನಸ್ಸು ಒಪ್ತಾ ಇಲ್ಲ."

"ಇಂಜಿನಿಯರ್ರೇ ನೋಡಿ ಪಾಸ್ ಮಾಡವ್ರೆ. ನೀನ್ಯಾವ ಇಂಜಿನಿಯರಮ್ಮ? ಇಷ್ಟು ವರ್ಷ ಹೊಡ್ದಿದೀನಿ, ಕೈಗೆ ಗೊತ್ತಿಲ್ವಾ?"

ಬಹಳ ದಿನಗಳ ಮೇಲೆ ಯಾರ ಬಾಣವೂ ಇಲ್ಲದೆ ಒಬ್ಬನೇ ಒಂದು ಚಿತ್ರ ಮುಗಿಸಿದ್ದ. ಆ ಸುಖವನ್ನು ಇನ್ನೊಂದು ಕೈ ಹೊಡೆದು ಅಳಿಸಿಕೊಳ್ಳಲು ಅವನು ತಯಾರಿರಲಿಲ್ಲ.

ಸಮಾರಂಭಕ್ಕೆ ನಾನೂ ಹೋಗಿದ್ದೆ. ಊಟ ಚೆನ್ನಾಗಿರುತ್ತದೆಂದು ಕೇಳಿದ್ದೆ. ಪರದೆ ಸರಿಯಿತು, ಚಪ್ಪಾಳೆಯಾಯಿತು. ಶಂಭುಲಿಂಗಪ್ಪನವರ ಹೆಂಡತಿ ಜಯದೇವಮ್ಮ, ಪಕ್ಕದವರು ಹೇಳಿಕೊಟ್ಟಂತೆ, ಚಿತ್ರಕ್ಕೆ ಹಾರ ಹಾಕಿ ಬೆಳ್ಳಿಯ ಪನ್ನೀರುದಾನಿಯಿಂದ ಧಾರಾಳವಾಗಿ ಪನ್ನೀರು ಚಿಮುಕಿಸಿದರು. ಸ್ವಾಗತ ಭಾಷಣ ನಡೆಯುತ್ತಿರುವಾಗ ಮುಂದಿನ ಸಾಲಿನಿಂದ ಯಾರೋ ಕೂಗಿದರು:

"ಸಾರ್, ಮೀಸೆ ಇಳೀತಾ ಐತೆ!"

ಶಂಭುಲಿಂಗಪ್ಪನವರು ವೇದಿಕೆಯ ಮೇಲೆ ತಟ್ಟನೆ ತಮ್ಮ ಮೀಸೆ ಮುಟ್ಟಿಕೊಂಡು ಬೆರಳು ನೋಡಿಕೊಂಡರು.

"ನಿಮ್ದಲ್ರೀ, ಗೋಡೇದು" ಎಂದರು ಜಯದೇವಮ್ಮ.

ಚಿತ್ರದ ಮೀಸೆ ಎರಡೂ ಕಡೆಯಿಂದ ಕರಗಿ ಗಲ್ಲ ದಾಟಿ ಬಿಳಿ ಅಂಗಿಗೆ ಇಳಿಯುತ್ತಿತ್ತು. ಜಯದೇವಮ್ಮ ಗಾಬರಿಯಲ್ಲಿ ಸೆರಗಿನಿಂದ ಒರೆಸಿದರು. ಮುಖದ ಅಡ್ಡಕ್ಕೆ ಬೂದು ಬಣ್ಣದ ಮಸಿ ಹರಡಿತು. ಪೇಟ, ಶಾಲು, ಕಣ್ಣು ಎಲ್ಲ ಸ್ವಚ್ಛ. ನಡುವೆ ಒಂದು ಪಟ್ಟೆ ಮಾತ್ರ ಹೋಗಿತ್ತು. ಜನ ಊಟದ ಹಾಲ್ ಕಡೆ ಮುಖ ತಿರುಗಿಸಿ ನಕ್ಕರು.

ಮರುದಿನ ಚಿತ್ರ ಗಿರಿರಾಜನ ಅಂಗಡಿಗೆ ವಾಪಸು ಬಂತು, ಹಿಂದೆಯೇ ಶಂಭುಲಿಂಗಪ್ಪನವರೂ ಬಂದರು. ಯಶೋದಮ್ಮ ಕ್ಯಾರಿಯರ್ ಹಿಡಿದು ಮೆಟ್ಟಿಲ ಬಳಿ ನಿಂತು ಕೇಳಿಸಿಕೊಂಡಳು. ಗಂಡನ ಕೆಲಸ ಇವತ್ತಿಗೆ ಮುಗಿಯಿತು ಎಂದೇ ಅವಳ ಲೆಕ್ಕ.

ಆದರೆ ದೊಡ್ಡವರ ನಡುವೆ ಬೇರೆಯೇ ಮಾತು ನಡೆಯಿತು.

"ಕೋಟಿಂಗಲ್ಲಿ ತಪ್ಪಾಗಿರೋಕೆ ಸಾಧ್ಯವೇ ಇಲ್ಲ. ನಾನೇ ನಿಂತು ಮಾಡಿಸಿದ್ದು. ನನ್ನ ಸೂಪರ್‌ವಿಷನಲ್ಲಿ ಇವತ್ತಿನವರೆಗೂ ತಪ್ಪಾಗಿಲ್ಲ" ಎಂದರು ಶಂಭುಲಿಂಗಪ್ಪನವರು.

"ಇಂಕಂತೂ ಅಲ್ವೇ ಅಲ್ಲ ಸಾರ್, ಮ್ಯೂಸಿಯಮ್ ಗ್ರೇಡು" ಎಂದ ಗಿರಿರಾಜ ಅವಸರದಿಂದ.

"ಹಾಗಾದರೆ ಪನ್ನೀರು."

"ಪನ್ನೀರೇ ಸಾರ್! ಈಗೆಲ್ಲ ಕೆಮಿಕಲ್ ಹಾಕ್ತಾರೆ."

ಇಬ್ಬರೂ ಸೇರಿ ಪನ್ನೀರಿಗೆ ಶಿಕ್ಷೆ ವಿಧಿಸಿ, ಹೊಸ ಚಿತ್ರ ಅಚ್ಚು ಹಾಕುವುದೆಂದು ತೀರ್ಮಾನಿಸಿ, ಎದುರಿನ ದರ್ಶಿನಿಗೆ ಕಾಫಿಗೆ ಹೋದರು. ಯಶೋದಮ್ಮ ಮೂಲೆಗೆ ಒರಗಿಸಿದ್ದ ಚಿತ್ರದ ಹತ್ತಿರ ಕೂತು, ಬೆರಳು ಒದ್ದೆ ಮಾಡಿಕೊಂಡು, ಅಂಚಿನಿಂದ ಅಂಚಿಗೆ ಸವರಿ ನೋಡಿದಳು. ಮಸಿಯಾದ ಬೆರಳು ಹಿಡಿದುಕೊಂಡು ಮೇಲೆ ಹತ್ತಿದಳು.

ಮುನಿರಾಮಯ್ಯ ಸ್ಟೂಲಿನ ಮೇಲೆ ಕೂತಿದ್ದ. ಎಲ್ಲ ಹೇಳಿದಳು. ಪನ್ನೀರಿನ ಮಾತಿಗೆ ಅವನು ನಗಲಿಲ್ಲ.

"ನೀನು ನೋಡ್ದಾ? ಎಂಗೆ ಹೋಗೈತೆ?"

"ನಾಕು ಬೆರಳಗಲ ಒಂದು ಪಟ್ಟೆ. ಈ ಅಂಚಿಂದ ಆ ಅಂಚಿಗೆ ಬಿಟ್ಟೋಗದೆ."

"ಸೊಟ್ಟ ಇತ್ತಾ?"

"ಇಲ್ಲ. ಸ್ಕೇಲ್ ಇಟ್ಟಂಗೆ ನೆಟ್ಟಗೈತೆ."

 "ಅಂಗಾರೆ ಕೈ ನೆಟ್ಟಗೇ ಐತೆ" ಎಂದ ಮುನಿರಾಮಯ್ಯ. "ಕಣ್ಣೇ ಹೋಗಿರದು." ಪಕ್ಕದಲ್ಲಿದ್ದ ಗನ್ನನ್ನು ತಡವಿ ತೆಗೆದುಕೊಂಡು, ಹಿಡಿಯನ್ನು ಬಟ್ಟೆಯಿಂದ ಒರೆಸಿ ಅವಳ ಕಡೆ ಚಾಚಿದ. "ತಗೋ. ಅಂಚಿನಾಚೆ ಒತ್ತು, ಅಂಚಿನಾಚೆ ಬಿಡು. ಮಧ್ಯ ಯಾವನು ಏನ್ ಕೇಳಿದ್ರೂ ನಿಲ್ಲಿಸ್ಬೇಡ."

ಗಿರಿರಾಜನಿಗೆ ಯಶೋದಮ್ಮನೇ ಹೇಳಿದಳು. ಅವನು ಕ್ಷಣಹೊತ್ತು ಬೆಪ್ಪಾಗಿ, "ಇಷ್ಟು ದಿನ ಕಣ್ಣಿಲ್ದೇನೇ..." ಎಂದು ಶುರು ಮಾಡಿದವನು ಸಾಯಂಕಾಲದೊಳಗೆ ಸುಧಾರಿಸಿಕೊಂಡ. ಮಾರನೆಯ ದಿನ ಗ್ಯಾಲರಿಯ ಇನ್‌ಸ್ಟಾಗ್ರಾಮಿನಲ್ಲಿ 'ನಮ್ಮಲ್ಲಿ ಮಹಿಳಾ ಕಲಾವಿದರು' ಎಂದು ಅವಳ ಫೋಟೋ ಬಂತು. ಫೋಟೋದ ಅಂಚಿನಲ್ಲಿ ಸ್ಟೂಲಿನ ಮೇಲೆ ಕೂತ ಒಬ್ಬನ ಮೊಣಕಾಲು ಕಾಣುತ್ತಿತ್ತು. ಅದನ್ನೂ ಗಿರಿರಾಜ ಆಮೇಲೆ ಕತ್ತರಿಸಿದ.

ಈಗ ಕ್ಯಾರಿಯರ್ ಇಬ್ಬರೂ ಸೇರಿ ತರುತ್ತಾರೆ. ಅವಳು ಪ್ಲಾಸ್ಟಿಕ್ ಪರದೆಯ ಒಳಗೆ, ಅವನು ಹೊರಗೆ. ಪರದೆಯಾಚೆ ಅವಳು ಅವನಿಗೆ ಒಂದು ಬಣ್ಣದ ಮಬ್ಬು ಮಾತ್ರ. ಗನ್ನಿನ ಸದ್ದು ಕೇಳುತ್ತ "ಸ್ಪೀಡಾಯ್ತು", "ದೂರ ಹಿಡಿ" ಎನ್ನುತ್ತಾನೆ. ಮೊನ್ನೆ ನಾನು ಹೋದಾಗ ಅವನ ತೊಡೆಯ ಮೇಲೆ ಅದೇ ಹಳೆಯ ಬೆಲ್ಲದ ಡಬ್ಬಿಯಿತ್ತು. ಒಳಗಿನ ಬೆಲ್ಲ ದೀಪಾಂಜಲಿ ನಗರದ ಅಂಗಡಿಯಲ್ಲಿ ಅವನೇ ಕೇಳಿ ಕೇಳಿ ಕೊಂಡು ತಂದದ್ದಂತೆ.

"ಡಾಕ್ಟ್ರು ಬೇಡ ಅಂದಿದಾರಲ್ಲಯ್ಯಾ?"

"ನಂಗಲ್ಲ ಸಾರ್, ಅವಳಿಗೆ. ನನ್ನ ಎದೆ ಉಳ್ಸಿದ್ದೇ ಇದು. ಕೆಲ್ಸಕ್ಕೆ ಮುಂಚೆ ಒಂದು, ಆದ್ಮೇಲೆ ಒಂದು ಕೊಡ್ತೀನಿ."

ಒಳಗೆ ಯಶೋದಮ್ಮ ಗನ್ ಹಿಡಿದಿದ್ದಳು. ಅವಳ ಮುಖದ ಮೇಲೆ ಮೊಳೆಯಿಂದ ಇಳಿದ ಮಾಸ್ಕಿತ್ತು, ಅದರ ಎರಡೂ ಡಬ್ಬಿಗಳ ಮೇಲೆ ವರ್ಷಗಳ ಕುಂಕುಮವಿತ್ತು. ಅವನು ಕೊಟ್ಟ ಬೆಲ್ಲದ ಅಚ್ಚು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿತ್ತು. ಸೆರಗಿನುದ್ದಕ್ಕೂ ಒಂದು ಸಾಲು ಕೆಂಪಿರುವೆ. ಅವಳು ನನ್ನ ಕಡೆ ನೋಡಿ, ಹೇಳಬೇಡಿ ಎನ್ನುವಂತೆ ತಲೆಯಾಡಿಸಿದಳು.

"ಯಶೋದಾ, ಬಲಗಡೆ ಮೂಲೆ ಆಯ್ತಾ?" ಎಂದು ಅವನು ಕೂಗಿದ.

"ಆಯ್ತು."

"ಯಾಕೆ ದನಿ ಹಂಗೈತೆ? ಬಾಯಿ ಕಟ್ದಂಗೆ?"

"ಬಾಯಲ್ಲಿ ಬೆಲ್ಲ ಐತೆ" ಎಂದಳು ಯಶೋದಮ್ಮ, ಮಾಸ್ಕಿನೊಳಗಿಂದ.

ಮುನಿರಾಮಯ್ಯ ಸಮಾಧಾನದಿಂದ ಡಬ್ಬಿಯ ಮುಚ್ಚಳ ಹಾಕಿ, ಅದು ಸರಿಯಾಗಿ ಕೂತಿದೆಯೇ ಎಂದು ಸುತ್ತಲೂ ಬೆರಳಾಡಿಸಿ ನೋಡಿಕೊಂಡ.